ಎಡಗಡೆಯ ದಾಸವಾಳ

ಸತ್ಯವಂತ ಸರ್ ಅವರ ಎಡಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಬಾಗಿಲು ತೆರೆದು, "ಬಾರವಾ ದಾಕ್ಷಾಯಿಣಿ, ಒಳಗ ಬಾ" ಎಂದು ಅದೇ ಕೈ ಬೀಸಿ ಕರೆದರು. ನನ್ನ ಕಣ್ಣು ನೆಟ್ಟಗೆ ಆ ಉಗುರಿಗೆ ಹೋಯಿತು.

ಮೂವತ್ತೆಂಟು ವರ್ಷದಿಂದ ನಾನು ನೋಡುತ್ತ ಬಂದ ಉಗುರು ಅದು. ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುವಾಗಲೂ ಹೀಗೇ ಇತ್ತು. ಹಾದಿಯಲ್ಲಿ ಗಿಡ ಕಂಡರೆ ಸರ್ ಕೈ ಸುಮ್ಮನಿರುವುದಿಲ್ಲ. ತುದಿಯ ಕುಡಿಯನ್ನು ಚಿಟಕ್ಕನೆ ಚಿವುಟುತ್ತಾರೆ. ಕುಡಿ ಚಿವುಟಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. ತಲೆಯಲ್ಲಿ ಹೂ ಮುಡಿದು ಅವರ ಎದುರು ನಿಂತರೆ ಅದನ್ನೂ ಚಿವುಟಿಬಿಟ್ಟಾರು ಎಂದು ಹುಡುಗಿಯರೆಲ್ಲ ನಗುತ್ತಿದ್ದೆವು.

ಈ ಶನಿವಾರ ನನಗೆ ನಗು ಬರಲಿಲ್ಲ.

ಮುಗದ ಊರಿನ ಶರೀಫಸಾಬರ ನರ್ಸರಿ ತೋಟದಲ್ಲಿ ದಾಸವಾಳದ ಎಲೆಗಳ ಮೇಲೆ ಹಳದಿ ಉಂಗುರ ಎದ್ದು, ಮೊಗ್ಗು ಅರಳದೆ ಉದುರಿ, ಇದು ಇದುವರೆಗೆ ಯಾರೂ ಕಾಣದ ಹೊಸ ವೈರಸ್ ಎಂದು ಗೊತ್ತಾಗಿ ಅಂದಿಗೆ ಇಪ್ಪತ್ತೆರಡು ದಿನ. ಮೊನ್ನೆ ಅಮರಗೋಳದಲ್ಲಿ ಹುಬ್ಬಳ್ಳಿ–ಧಾರವಾಡದ ನರ್ಸರಿಯವರೆಲ್ಲ ಕೂಡಿ, ರೋಗಕ್ಕೆ ಅವರ ತೋಟವೇ ಮೂಲ ಎಂದು ದೂರಿದಾಗ ಶರೀಫಸಾಬರು ಎದ್ದು ನಿಂತು ಮಾತು ಕೊಟ್ಟುಬಿಟ್ಟಿದ್ದರು. ರೋಗ ಹೊರಗಿನಿಂದ ಬಂದದ್ದು ಎಂದು ಶನಿವಾರ ನಾಲ್ಕು ಗಂಟೆಯೊಳಗೆ ತೋರಿಸಲಾಗದಿದ್ದರೆ, ತಮ್ಮ ಇನ್ನೂರಾ ಹನ್ನೆರಡು ತಾಯಿ ಗಿಡಗಳಿಗೆ ತಾವೇ ಬೆಂಕಿ ಹಚ್ಚುವುದಾಗಿ. ಆ ಗಿಡಗಳ ಕಡ್ಡಿ ಕತ್ತರಿಸಿಯೇ ಅವರು ವರ್ಷಕ್ಕೆ ಸಾವಿರಾರು ಸಸಿ ಮಾಡುತ್ತಿದ್ದದ್ದು. ತಾಯಿ ಗಿಡ ಹೋದರೆ ತೋಟ ಹೋದ ಹಾಗೆ.

ಬೆಳಿಗ್ಗೆ ನಾನು ಅವರ ತೋಟದಿಂದ ಹೊರಡುವಾಗ ಅವರು ನನಗೆ ಹೇಳಿದ್ದು ಒಂದೇ ಮಾತು. "ನಿಮ್ಮ ಫೋನ್ ಬರೂತನಕ ಕಾಯತೇನ್ರಿ ಅಕ್ಕಾರ. ಬ್ಯಾರೆ ಯಾರ ಮಾತೂ ಕೇಳೂದಿಲ್ಲ."

ಸರ್ ಮನೆಯ ಗೋಡೆ ಗಡಿಯಾರ ಎರಡೂ ನಲವತ್ತು ತೋರಿಸುತ್ತಿತ್ತು.

ಊಟ ಆಯಿತೇ ಎಂದು ಸರ್ ಕೇಳಿದರು. ಆಗಿದೆ ಎಂದು ಸುಳ್ಳು ಹೇಳಿದೆ. ಬಲಗೈಯ ಬಡಿಗೆಯನ್ನು ಊರಿಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟು ಬಂದರು. ಎರಡು ವರ್ಷದ ಹಿಂದೆ ಬಸ್ಸಿನಿಂದ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಬಲಗೈಗೆ ಬಡಿಗೆ ಬಿಟ್ಟು ಬೇರೆ ಕೆಲಸವಿಲ್ಲ. ಅವರು ಬಂದು ಕೂತ ಮೇಲೆ ನಾನು ಚೀಲದಿಂದ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ.

ಹಾಳೆಯ ಹಿಂಬದಿಯಲ್ಲಿ ಶರೀಫಸಾಬರ ಕೈಯಿಂದಲೇ ಬರೆಸಿಕೊಂಡ ತೋಟದ ನಕ್ಷೆ ಇತ್ತು. ಗೇಟಿನಿಂದ ಒಂದು ಹಾದಿ ಒಳಗೆ ಹೋಗುತ್ತದೆ. ಮಡಿಗಳ ನಡುವೆ ಸುತ್ತಿ ಬಾವಿಯ ಹತ್ತಿರ ಹೊರಗೆ ಬರುತ್ತದೆ. ನೋಡಲು ಬಂದವರು ಯಾರೇ ಆದರೂ ಗೇಟಿನಿಂದ ಒಳಗೆ, ಬಾವಿಯಿಂದ ಹೊರಗೆ. ತಿರುಗಿ ಬರುವ ಪದ್ಧತಿಯೇ ಅಲ್ಲಿಲ್ಲ. ಹಾದಿಯ ಎರಡೂ ಕಡೆ ಒಟ್ಟು ಇನ್ನೂರಾ ಹನ್ನೆರಡು ಸೊನ್ನೆ, ಒಂದೊಂದು ಸೊನ್ನೆಗೂ ಒಂದೊಂದು ತಗಡಿನ ಬಿಲ್ಲೆಯ ಸಂಖ್ಯೆ.

ರೋಗ ತಗುಲಿದ ಅರವತ್ತೊಂದು ಸೊನ್ನೆಗಳಿಗೆ ನಾನು ಕೆಂಪು ಶಾಯಿ ತುಂಬಿದ್ದೆ. ಯಾವ ಗಿಡಕ್ಕೆ ರೋಗ, ಯಾವುದಕ್ಕಿಲ್ಲ ಎಂದು ಪರೀಕ್ಷೆ ಮಾಡಿ ಪಟ್ಟಿ ಕೊಟ್ಟವಳು ಭಾಗ್ಯಶ್ರೀ.

ಭಾಗ್ಯಶ್ರೀ ನನ್ನ ಮನೆಯ ಮಹಡಿಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿದ್ದಾಳೆ. ಖಾಸಗಿ ಸಸ್ಯರೋಗ ಲ್ಯಾಬೊಂದರಲ್ಲಿ ವಿಜ್ಞಾನಿ. ಬಾಡಿಗೆ ಎನ್ನುವುದು ಕಾಗದದ ಮೇಲಿನ ಮಾತು. ಅವಳ ಬೆಳಗಿನ ಉಪ್ಪಿಟ್ಟು, ರಾತ್ರಿಯ ರೊಟ್ಟಿ ಎಲ್ಲ ನನ್ನ ಅಡಿಗೆಮನೆಯಲ್ಲೇ. ನಾನು ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಈ ಪತ್ತೆಯ ಉಸಾಬರಿ ಹಚ್ಚಿಕೊಂಡಾಗ, ಬೋರ್ಡು ಬರೆಸಿ ತಂದು ಮೊಳೆ ಹೊಡೆದವಳೂ ಅವಳೇ.

ಶರೀಫಸಾಬರ ಎಲೆಗಳನ್ನು ಅವಳ ಕೈಗೆ ಕೊಟ್ಟವಳು ನಾನು. ಅವಳು ಎಲೆ ಅರೆದು ಅದರ ರಸವನ್ನು, ವೈರಸ್ ಇದ್ದರೆ ಬೇಗ ತೋರಿಸಿಕೊಡುವ ಚಕ್ಕೋತ ಸೊಪ್ಪಿನ ಜಾತಿಯ ಗಿಡಗಳ ಎಲೆಗೆ ಉಜ್ಜಿದಳು. ಆರನೆಯ ದಿನ ಅಲ್ಲೆಲ್ಲ ಚುಕ್ಕಿ ಎದ್ದವು. ರಸವನ್ನು ದೊಡ್ಡ ಸೂಕ್ಷ್ಮದರ್ಶಕದಲ್ಲಿ ಇಟ್ಟು ಚಿತ್ರ ತೆಗೆಸಿದಳು. ಸಣ್ಣ ಸಣ್ಣ ಕಡ್ಡಿಗಳಂಥ ಕಣಗಳು ಕಂಡವು. ಆಮೇಲೆ ಅದರ ವಂಶವಾಹಿಯನ್ನು ಪೂರ್ತಿ ಓದಿಸಿ, ಜಗತ್ತಿನಲ್ಲಿ ಈಗಾಗಲೇ ಗೊತ್ತಿರುವ ವೈರಸ್‌ಗಳ ಜೊತೆ ತಾಳೆ ನೋಡಿದಳು. ಯಾವುದಕ್ಕೂ ಹೊಂದಲಿಲ್ಲ. "ಕಾಕು, ಹೊಸಾದು. ಖರೇನ ಹೊಸಾದು" ಎಂದು ನನ್ನನ್ನು ತಬ್ಬಿಕೊಂಡಿದ್ದಳು. ಶರೀಫಸಾಬರ ಸಂಕಟ ನೆನಪಾಗಿ ನನಗೆ ಆ ಸಂತೋಷ ಅಷ್ಟಾಗಿ ಹಿಡಿಸಿರಲಿಲ್ಲ. ಆದರೂ ಅವಳಿಗೆ ಶೀರಾ ಮಾಡಿ ಹಾಕಿದ್ದೆ.

ಇದು ಮೊದಲು ಹೇಗೇ ಬಂದಿರಲಿ, ಮುಂದೆ ಸಸ್ಯಹೇನಿನಿಂದ ಹರಡುತ್ತದೆ, ಆದ್ದರಿಂದ ಒಳ್ಳೆಯ ಗಿಡ ಕೆಟ್ಟ ಗಿಡ ಎಂದು ನೋಡದೆ ಬೇರುಸಹಿತ ಎಲ್ಲವನ್ನೂ ಸುಡಬೇಕು ಎಂದು ಹೇಳಿದವಳೂ ಅವಳೇ.

"ಸರ್, ಕೆಂಪು ಬಣ್ಣ ಎಲ್ಲೆಲ್ಲಿ ಐತಿ ನೋಡ್ರಿ" ಎಂದೆ.

ಸರ್ ಕನ್ನಡಕ ಏರಿಸಿಕೊಂಡು ಬಾಗಿದರು. ಬಹಳ ಹೊತ್ತು ನೋಡಬೇಕಾಗಿರಲಿಲ್ಲ. ಗೇಟಿನಿಂದ ಬಾವಿಯತನಕ ಹಾದಿ ಎಲ್ಲೆಲ್ಲಿ ಹೊರಳಿದರೂ ಕೆಂಪು ಸೊನ್ನೆಗಳು ಅದರ ಎಡಗಡೆಗೇ ಇದ್ದವು. ಬಲಗಡೆ ಒಂದೂ ಇಲ್ಲ. ಎಡಗಡೆಯಲ್ಲೂ ಹಾದಿಗೆ ಹತ್ತಿದ ಮೊದಲ ಸಾಲು ಮಾತ್ರ, ಅದರಲ್ಲೂ ನಿಂತವರ ಕೈಗೆ ಎಟುಕುವ ಎತ್ತರದ ಗಿಡಗಳು ಮಾತ್ರ.

ಇಪ್ಪತ್ತೆರಡು ದಿನ ನಾನು ಈ ತೋಟದ ಆಳುಗಳನ್ನೆಲ್ಲ ಪೀಡಿಸಿದ್ದೆ. ಚಾಕುವಿನಿಂದ ಹರಡಿರಬಹುದೇ ಎಂದು ನೋಡಿದೆ. ಶರೀಫಸಾಬರ ತೋಟದಲ್ಲಿ ಒಂದು ಗಿಡ ಕತ್ತರಿಸಿದ ಮೇಲೆ ಚಾಕುವನ್ನು ಹಾಲಿನ ಬಟ್ಟಲಿನಲ್ಲಿ ಅದ್ದದೆ ಇನ್ನೊಂದು ಗಿಡ ಮುಟ್ಟುವಂತಿಲ್ಲ. ಅಂಟುರೋಗಕ್ಕೆ ಅದು ಅವರ ತಂದೆಯ ಕಾಲದಿಂದ ಬಂದ ಕಟ್ಟಳೆ. ಎಮ್ಮೆ ಕಡಿಮೆ ಹಾಲು ಕೊಟ್ಟ ದಿನ ಆಳುಗಳಿಗೆ ಕರೀ ಚಹಾ, ಆದರೆ ಚಾಕುವಿಗೆ ಹಾಲು ತಪ್ಪಿದ್ದಿಲ್ಲ. ಚಾಕುವಿನ ಮೇಲಿನ ಸಂಶಯ ಅಲ್ಲಿಗೇ ಮುಗಿದಿತ್ತು. ಚಾಕು ಅಲ್ಲವಾದರೆ ಮತ್ತೇನು ಎಂದು ನಿನ್ನೆ ಸಂಜೆ ಈ ಹಾಳೆಯನ್ನು ಮುಂದಿಟ್ಟುಕೊಂಡು ಕೂತಾಗ, ಎಡಗೈಯೊಂದೇ ಖಾಲಿ ಇರುವ ಮನುಷ್ಯ ಯಾರು ಎಂಬ ಪ್ರಶ್ನೆ ಎದ್ದಿತು. ಉತ್ತರ ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಪ್ರತಿ ಮಂಗಳವಾರ ಮುಗದಕ್ಕೆ ಹೋಗಿ, ಶರೀಫಸಾಬರ ಜೊತೆ ಮಾತಾಡುತ್ತ ಆ ಹಾದಿಯನ್ನು ಒಂದು ಸುತ್ತು ಹಾಕುವವರು ಈ ಊರಿನಲ್ಲಿ ಒಬ್ಬರೇ.

"ನಿಮ್ಮ ಕೈ ಸರ್" ಎಂದೆ. "ಬಲಗೈಯಾಗ ಬಡಿಗಿ. ಎಡಗೈಲೇ ಚಿವುಟಿಕೋತ ಹೋಗೀರಿ."

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಸರ್ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿ ಬಂದೆ. ಬರುವಷ್ಟರಲ್ಲಿ ಅವರು ಎಡಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಿದ್ದರು. ತಪ್ಪು ಮಾಡಿದ ಹುಡುಗರು ಹೀಗೆ ಕೈ ಮುಚ್ಚಿಕೊಂಡರೆ ಕೈ ಹಿಡಿದು ಹೊರಗೆ ಎಳೆಯುತ್ತಿದ್ದವರು ಇದೇ ಸರ್.

ಚಿವುಟಿದ್ದರಿಂದಲೇ ರೋಗ ಹುಟ್ಟುವುದಿಲ್ಲವಲ್ಲ, ಉಗುರಿಗೆ ಅದು ಎಲ್ಲಿಂದಲೋ ಹತ್ತಿರಬೇಕಲ್ಲ ಎಂದು ಕೇಳಿದೆ. ಅವರು ನಕ್ಷೆಯನ್ನು ನನ್ನ ಕಡೆ ಸರಿಸಿದರು. ಇಪ್ಪತ್ತೆರಡು ದಿನದಲ್ಲಿ ಇಪ್ಪತ್ತು ಸಂಜೆಯಾದರೂ ನಾನು ಈ ಕುರ್ಚಿಯಲ್ಲೇ ಕೂತು ತನಿಖೆಯ ಒಂದೊಂದು ಎಳೆಯನ್ನೂ ಅವರ ಮುಂದೆ ಬಿಚ್ಚಿದ್ದೆ. ಆಳುಗಳನ್ನು ವಿಚಾರಿಸು ಎಂದವರು ಅವರು. ಗೊಬ್ಬರ ತಂದುಕೊಡುವವನನ್ನು ಹಿಡಿ ಎಂದವರೂ ಅವರೇ. ಆ ಪಾಪದವನನ್ನು ಎರಡು ದಿನ ಬಿಡದೆ ಪ್ರಶ್ನೆ ಮಾಡಿ ಗೋಳು ಹೊಯ್ದುಕೊಂಡಿದ್ದೆ.

"ನಿಮಗ ಮೊದಲಿಂದ ಗೊತ್ತಿತ್ತು" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

"ಮೊದಲಿಂದ ಇಲ್ಲ" ಎಂದರು ಸರ್. "ಶರೀಫಸಾಬನ ಎಲಿ ನೀ ಇಲ್ಲಿ ತಂದು ತೋರಿಸಿದ ದಿನ ಗೊತ್ತಾತು. ಅದೇ ಉಂಗುರ ನನ್ನ ಗಿಡದಾಗ ಇದ್ದವು. ನಾ ಅದನ್ನ ರೋಗ ಅಂತ ತಿಳಿದಿರಲಿಲ್ಲವಾ. ಚಂದ ಅಂತ ತಿಳಿದಿದ್ದೆ."

ಇದು ಗಿಡದ ಹುಚ್ಚಿನವರು ಮಾತ್ರ ಮಾಡುವ ತಪ್ಪು. ಬಣ್ಣ ಬೆರೆತ ಎಲೆ, ಗೆರೆ ಬಿದ್ದ ಎಸಳು ಕಂಡರೆ ಅವರಿಗೆ ಅಪರೂಪದ ತಳಿ ಸಿಕ್ಕಿತೆಂಬ ಸಡಗರ. ಹಸಿರು ಎಲೆಯ ಮೇಲೆ ಬಂಗಾರದ ಉಂಗುರ ಎಂದು ಸರ್ ಆ ಗಿಡಕ್ಕೆ ದಿನಾ ಬೆಳಿಗ್ಗೆ ಪೂಜೆಯೊಂದು ಬಿಟ್ಟು ಉಳಿದದ್ದೆಲ್ಲ ಮಾಡಿದ್ದರು. ಕುಡಿ ಚಿವುಟಿದ್ದರು. ಅದೇ ಉಗುರಿನಲ್ಲಿ ಮಂಗಳವಾರ ಮುಗದದ ಬಸ್ಸು ಹತ್ತಿದ್ದರು.

ಅದು ತಪ್ಪು, ಕ್ಷಮಿಸಬಹುದು. ಗೊತ್ತಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು, ನನ್ನನ್ನು ದಾರಿ ತಪ್ಪಿಸಿ, ಶರೀಫಸಾಬರ ತೋಟ ಸುಟ್ಟುಹೋಗಲೆಂದು ಬಿಟ್ಟದ್ದನ್ನು ಏನೆಂದು ಕರೆಯಲಿ? ಇದನ್ನು ನಾನು ಬಾಯಿಬಿಟ್ಟೇ ಕೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಪ್ಪತ್ತನಾಲ್ಕು ವರ್ಷ ಮರ್ಯಾದೆಯಿಂದ ಬಾಳಿದೆ, ಹೋದಲ್ಲೆಲ್ಲ ಗಿಡಕ್ಕೆ ರೋಗ ಹಚ್ಚಿದ ಮಾಸ್ತರ ಎನಿಸಿಕೊಳ್ಳಲು ಧೈರ್ಯ ಬರಲಿಲ್ಲ ಎಂದರು. ನಾನು ಎದ್ದು ಹೋಗಿಬಿಡಬೇಕೆಂದುಕೊಂಡೆ. ಶರೀಫಸಾಬರ ಗಿಡಗಳು ನೆನಪಾಗಿ ಕೂತೆ.

ಚೀಲದಿಂದ ಭಾಗ್ಯಶ್ರೀಯ ವರದಿ ತೆಗೆದು ಅವರ ಮುಂದೆ ಹಾಕಿದೆ. ರೋಗ ನಿಮ್ಮ ಕೈಯಿಂದ ಬಂತೆಂದು ಇದರ ಕೊನೆಗೆ ಬರೆದು ಸಹಿ ಮಾಡಿಕೊಡಿ, ಶರೀಫಸಾಬರ ಹೆಸರಾದರೂ ಉಳಿಯಲಿ ಎಂದೆ. ಅವರು ವರದಿಯನ್ನು ಕೈಗೆತ್ತಿಕೊಂಡು ಮೊದಲ ಪುಟದ ಚಿತ್ರವನ್ನು ನೋಡಿದರು. ಮತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಹೇನಿನಿಂದ ಹರಡತೈತಿ ಅಂತ ಯಾರು ಹೇಳಿದರು?"

ಭಾಗ್ಯಶ್ರೀ ಎಂದೆ.

"ನೆಟ್ಟಗಿನ ಗಟ್ಟಿ ಕಡ್ಡಿ ಇದಾವ ನೋಡು. ಈ ಜಾತಿಯವು ಕೈಯಿಂದ, ಚಾಕುವಿನಿಂದ ಹೋಗತಾವ. ಹೇನಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಮೊದಲನೇ ವರ್ಷದ ಪಾಠ ದಾಕ್ಷಾಯಿಣಿ. ಆಕಿಗೆ ಗೊತ್ತಿಲ್ಲದ ಹ್ಯಾಂಗ ಇರತೈತಿ?"

ನಾನು ನಕ್ಷೆ ನೋಡಿದೆ. ಕೈಯಿಂದ ಮಾತ್ರ ಹರಡುವುದಾದರೆ ಬಲಗಡೆಯ ಗಿಡಗಳಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಅರವತ್ತೊಂದು ಗಿಡ ಕಿತ್ತು ಸುಟ್ಟರೆ ಸಾಕು. ನೂರಾ ಐವತ್ತೊಂದು ತಾಯಿ ಗಿಡ ಉಳಿಯುತ್ತವೆ. ಈ ಪಟ್ಟಿ ಮಾಡಿದವಳಿಗೆ ಇದು ನನಗಿಂತ ಮೊದಲು ತಿಳಿದಿರಬೇಕಿತ್ತು. ತಿಳಿದೂ ಎಲ್ಲವನ್ನೂ ಸುಡಲು ಹೇಳಿದ್ದಾಳೆ ಎಂಬುದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ಮ ಗಿಡ ಎಲ್ಲೈತಿ ಸರ್?"

ಅವರು ಹಿತ್ತಲಿನ ಕಡೆ ಗದ್ದ ಎತ್ತಿ ತೋರಿಸಿದರು.

ಬಚ್ಚಲಿನ ಹಿಂದೆ ಗೋಣಿಚೀಲದ ಮರೆಯಲ್ಲಿ ಒಂದು ಮಣ್ಣಿನ ಕುಂಡ ಇತ್ತು. ಗೋಣಿಚೀಲ ಸರಿಸಿದೆ. ಸೊಂಟದೆತ್ತರದ ದಾಸವಾಳ, ಎಲೆಎಲೆಗೂ ಹಳದಿ ಉಂಗುರ. ಸರ್ ಹೇಳಿದ್ದು ನಿಜ, ನೋಡಲು ಚಂದವೇ ಇತ್ತು. ಗಿಡ ಬೀಳದಿರಲೆಂದು ಪಕ್ಕದಲ್ಲೊಂದು ಕೋಲು ನೆಟ್ಟು ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು.

ಆ ಪಟ್ಟಿಯನ್ನು ನಾನು ಬಾಗಿ ನೋಡಿದೆ.

ಹಸಿರು ಒಡಲು, ಕೆಂಪು ದಡಿ, ದಡಿಯ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ನನ್ನ ಇಲಕಲ್ ಸೀರೆ. ನನ್ನ ಮದುವೆಯ ವರ್ಷ ಅವ್ವ ಕೊಡಿಸಿದ್ದು, ನಿರಿಗೆಯಲ್ಲಿ ಹರಿದುಹೋಗಿತ್ತು. ಈ ವರ್ಷ ಬೇಸಿಗೆ ಹತ್ತುವ ಹೊತ್ತಿಗೆ ಭಾಗ್ಯಶ್ರೀ, "ಕಾಕು, ಗಿಡಾ ಕಟ್ಟಾಕ ಮೆತ್ತನ ಅರಬಿ ಬೇಕಾಗಿತ್ತು" ಎಂದಾಗ ನಾನೇ ಹರಿದು ಪಟ್ಟಿ ಮಾಡಿ ಕೊಟ್ಟಿದ್ದೆ. ಅವಳನ್ನು ಬಿಟ್ಟರೆ ಇನ್ನೊಬ್ಬರಿಗೆ ಒಂದು ಎಳೆಯನ್ನೂ ಕೊಟ್ಟಿರಲಿಲ್ಲ.

ಸರ್ ಬಡಿಗೆ ಊರಿಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ನಾನು ಕೇಳುವ ಮೊದಲೇ ಹೇಳಿದರು.

"ಹೋಳಿ ಹುಣ್ಣಿಮಿ ಆದ ಮ್ಯಾಲೆ ಆಕೀನ ತಂದುಕೊಟ್ಟಳು. ಥಾಯ್ಲೆಂಡಿನಿಂದ ಕಡ್ಡಿ ತಂದೇನಿ ಸರ್, ಪರವಾನಗಿ ಇಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂದಳು."

ಫೆಬ್ರವರಿಯಲ್ಲಿ ಅವಳು ಸಮ್ಮೇಳನಕ್ಕೆಂದು ಅಲ್ಲಿಗೆ ಹೋಗಿದ್ದಳು. ತಿರುಗಿ ಬಂದ ದಿನ ಹುಬ್ಬಳ್ಳಿ ಸ್ಟೇಶನ್ನಿಗೆ ನಾನೇ ಹೋಗಿ ಅವಳ ಬ್ಯಾಗು ಹೊತ್ತು ತಂದಿದ್ದೆ. ಮೂವತ್ತು ವರ್ಷ ಖಾಕಿ ತೊಟ್ಟವಳು ಕಳ್ಳಮಾಲನ್ನು ಹೆಗಲಿಗೇರಿಸಿಕೊಂಡು, ಭಾರ ಆಯಿತೇ ಎಂದು ಅವಳು ಕೇಳಿದರೆ ಇಲ್ಲವ್ವಾ ಎಂದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವಳ ಲೆಕ್ಕಾಚಾರ ಈಗ ಅರ್ಥವಾಗತೊಡಗಿತು. ಹೊಸ ವೈರಸ್ ಕಂಡುಹಿಡಿದೆ ಎಂದು ಜಗತ್ತಿಗೆ ಹೇಳಬೇಕಾದರೆ ಅದು ಯಾವ ಊರಿನ ಯಾವ ಗಿಡದಲ್ಲಿ ಸಿಕ್ಕಿತು ಎಂದು ಬರೆಯಬೇಕು. ಕದ್ದು ತಂದ ಕಡ್ಡಿಯಲ್ಲಿ ಸಿಕ್ಕಿತು ಎಂದು ಬರೆದರೆ ಹೆಸರೂ ಇಲ್ಲ, ನೌಕರಿಯೂ ಇಲ್ಲ. ಅವಳಿಗೊಂದು ತೋಟ ಬೇಕಾಗಿತ್ತು. ಕೆಲಸ ಮುಗಿದ ಮೇಲೆ, ಬೇರೆ ಯಾರೂ ಬಂದು ಈ ನಕ್ಷೆಯಂಥದ್ದನ್ನು ಬರೆಯದ ಹಾಗೆ ಆ ತೋಟ ಇಲ್ಲವಾಗಬೇಕಾಗಿತ್ತು.

ಆದರೂ ನಾನು ಅವಳ ಪರವಾಗಿ ಒಂದು ದಾರಿ ಹುಡುಕಿದೆ. ರೋಗದ ವಿಷಯ ಅವಳಿಗೂ ಆಮೇಲೆಯೇ ಗೊತ್ತಾಗಿರಬಹುದಲ್ಲವೇ, ಪ್ರೀತಿಯಿಂದ ಕೊಟ್ಟ ಗಿಡ ಹೀಗಾಗಿರಬಹುದಲ್ಲವೇ ಎಂದು ಸರ್ ಅವರನ್ನು ಕೇಳಿದೆ. ಆಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಸರ್ ತಲೆ ತಗ್ಗಿಸಿದರು.

"ಗಿಡಾ ಕೊಟ್ಟು ಹೋಗೂ ಮುಂದ ಒಂದು ಮಾತು ಹೇಳಿದಳು. ದಿನಾ ಮುಂಜಾನೆ ಕುಡಿ ಚಿವುಟ್ರಿ ಸರ್, ಛಲೋ ತುಂಬತೈತಿ. ಮಂಗಳವಾರ ಮುಗದಕ್ಕ ಹೋಗೂ ಮುಂದನೂ ಮರೀಬ್ಯಾಡ್ರಿ ಅಂತ ನಕ್ಕಳು. ನನ್ನ ಚಟಾ ಗೊತ್ತಿದ್ದಾಕಿ, ಚೇಷ್ಟೆ ಮಾಡತಾಳ ಅಂತ ನಾನೂ ನಕ್ಕೆ."

ಅವಳಿಗೆ ಸರ್ ಚಟದ ಬಗ್ಗೆ ಹೇಳಿದವಳು ನಾನು. ರೊಟ್ಟಿ ತಟ್ಟುತ್ತ, ಕಾಲೇಜಿನ ಕಥೆ ಎಂದು ನಗುನಗುತ್ತ ಹೇಳಿದ್ದೆ.

ಕೈಗಡಿಯಾರ ನೋಡಿದೆ. ಮೂರೂ ಇಪ್ಪತ್ತು. ಮುಗದ ಮುಟ್ಟಲು ಅರ್ಧ ತಾಸು ಬೇಕು. ಗಿಡದಿಂದ ಪಟ್ಟಿ ಬಿಚ್ಚಿಕೊಂಡು, ಅಲ್ಲೇ ನಿಂತು ಶರೀಫಸಾಬರಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ದನಿ ಬಂತು, ಬಹಳ ಸೋತ ದನಿ.

"ಆತರಿ ಅಕ್ಕಾರ. ಭಾಗ್ಯಶ್ರೀ ಮೇಡಂ ಬಂದಾರ. ಏನೂ ಸಿಗಲಿಲ್ಲ, ನಾಕರತನಕ ಕಾಯೂದು ಬ್ಯಾಡ ಅಂತ ನೀವ ಹೇಳಿ ಕಳಿಸೀರಂತ. ಸಾಲಿನ ನಡುವ ಹುಲ್ಲು ಹಾಸೇವ್ರಿ, ಎಣ್ಣಿ ಸುರದೇವಿ."

ನಾನು ಕಳಿಸಿಲ್ಲ ಎಂದೆ. ಬಲಗಡೆಯ ಗಿಡಗಳಿಗೆ ಏನೂ ಆಗಿಲ್ಲ, ಹಚ್ಚಬೇಡಿ ಎಂದೆ. ರೋಗ ಬಂದದ್ದು ಸತ್ಯವಂತ ಸರ್ ಕೈಯಿಂದ, ಸರ್ ಕೈಗೆ ಬಂದದ್ದು ನಿಮ್ಮ ಎದುರು ನಿಂತವಳ ಗಿಡದಿಂದ, ಆ ಗಿಡ ನನ್ನ ಕಣ್ಣ ಮುಂದೆ ಇದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಆ ಕಡೆ ದೂರದಲ್ಲಿ ಎಮ್ಮೆ ಒದರಿದ್ದು ಕೇಳಿಸಿತು.

"ಅಕ್ಕಾರ," ಎಂದರು ಶರೀಫಸಾಬರು ಕೊನೆಗೆ, ಮೆತ್ತಗೆ. "ಮಾಸ್ತರನ್ನ ನನ್ನ ತ್ವಾಟಕ್ಕ ಮೊದಲ ಕರಕೊಂಡು ಬಂದಾವರು ಯಾರ್ರಿ?"

"ನಾನ."

"ಈ ಮೇಡಮ್ಮನ್ನ?"

"ನಾನ ಶರೀಫಸಾಬರ."

"ಇಬ್ಬರೂ ನಿಮ್ಮಾವರ. ಇಬ್ಬರನ್ನೂ ನಿಮ್ಮ ಮಾತಿನ ಮ್ಯಾಲೆ ನಂಬಿದೆ. ಈಗ ನಿಮ್ಮನ್ನ ಯಾರ ಮಾತಿನ ಮ್ಯಾಲೆ ನಂಬಲಿ, ನೀವ ಹೇಳ್ರಿ."

ಕೈಯಲ್ಲಿ ಸೀರೆಯ ಪಟ್ಟಿ ಇತ್ತು. ಫೋನಿನಲ್ಲಿ ಅದನ್ನು ಅವರಿಗೆ ಹೇಗೆ ತೋರಿಸಲಿ?

ಅವರು ಫೋನನ್ನು ಕಿವಿಯಿಂದ ಇಳಿಸಿರಬೇಕು, ಆದರೆ ಕಟ್ ಮಾಡಿರಲಿಲ್ಲ. ಹುಲ್ಲಿನ ಮೇಲೆ ಯಾರೋ ನಡೆದು ಬಂದ ಸಪ್ಪಳವಾಯಿತು. ಆಮೇಲೆ, ದಿನಾ ಬೆಳಿಗ್ಗೆ ನನ್ನ ಅಡಿಗೆಮನೆಯಲ್ಲಿ ಉಪ್ಪಿಟ್ಟು ಕೇಳುವ ಅದೇ ಸಣ್ಣ ದನಿ.

"ಕಾಕು ಏನಂದರು ಕಾಕಾ? ಹಚ್ಚು ಅಂದರಲ್ಲ? ನಾ ಹಚ್ಚತೇನಿ. ಕಡ್ಡಿಪೆಟ್ಟಿಗಿ ಇಲ್ಲೆ ಕೊಡ್ರಿ."